ಹಳೆಯ ಹೆಸರು, ಹೊಸ ತಂಡ: ಫ್ಯಾಂಟಸಿ ಫುಟ್‌ಬಾಲ್‌ನ ಕಠಿಣ ಲೆಕ್ಕ

ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ (ಎನ್ಎಫ್ಎಲ್) ತಂಡಗಳಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳೆಂದರೆ ಆಟಗಾರರ ವಲಸೆಯ ಕಾಲ. ಒಪ್ಪಂದ ಮುಗಿದವರು ಬೇರೆ ತಂಡ ಹುಡುಕುತ್ತಾರೆ. ಸಂಬಳದ ಭಾರ ತಾಳಲಾರದ ತಂಡಗಳು ಹಿರಿಯರನ್ನು ಬಿಟ್ಟುಕೊಡುತ್ತವೆ. ಹೀಗೆ ವಲಸೆ ಹೋಗುವವರ ಪೈಕಿ ಅತಿ ಹೆಚ್ಚು ಚರ್ಚೆಗೆ ಒಳಗಾಗುವವರು ಮೂವತ್ತರ ಆಸುಪಾಸಿನ, ಹೆಸರು ಮಾಡಿದ ವೈಡ್ ರಿಸೀವರ್‌ಗಳು. ಅವರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ತಂಡದ ತರಬೇತುದಾರರಷ್ಟೇ ಅಲ್ಲ. ಕಚೇರಿಗಳಲ್ಲಿ, ಕಾಲೇಜು ವಸತಿಗೃಹಗಳಲ್ಲಿ, ಗೆಳೆಯರ ಗುಂಪುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಆಡುವ ಕೋಟ್ಯಂತರ ಮಂದಿಗೂ ಅದೇ ಚಿಂತೆ. ಹೊಸ ತಂಡದಲ್ಲಿ ಈ ಹಳೆಯ ಹುಲಿ ಬೇಟೆಯಾಡೀತೇ, ಅಥವಾ ಹೆಸರಷ್ಟೇ ಉಳಿದೀತೇ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆದರೆ ಕಳೆದ ಎರಡು ದಶಕಗಳ ದಾಖಲೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಉತ್ತರ ಹುಡುಕುವ ದಾರಿಯಂತೂ ಸ್ಪಷ್ಟವಾಗುತ್ತದೆ.

ಆಟದ ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಇಲ್ಲವೇ ಎಸೆದು ಹಿಡಿಯುವ ಮೂಲಕ ನೂರು ಗಜದ ಅಂಕಣದಲ್ಲಿ ಮುನ್ನುಗ್ಗುವ ಆಟ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎದುರಾಳಿ ಕಾವಲುಗಾರನ ಕಣ್ತಪ್ಪಿಸಿ ಓಡಿ ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್.

ಫ್ಯಾಂಟಸಿ ಫುಟ್‌ಬಾಲ್ ಈ ನಿಜವಾದ ಆಟದ ನೆರಳಿನಲ್ಲಿ ನಡೆಯುವ ಇನ್ನೊಂದು ಆಟ. ಓಕ್ಲಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ 1962ರಲ್ಲಿ ತಂಡದೊಂದಿಗೆ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಜೊತೆಗಾರರೊಡನೆ ಕುಳಿತು ಇದರ ನಿಯಮಗಳನ್ನು ರೂಪಿಸಿದರು. ಮರುವರ್ಷ ಎಂಟು ತಂಡಗಳ ಮೊದಲ ಲೀಗ್ ಓಕ್ಲಂಡ್‌ನಲ್ಲಿ ಆರಂಭವಾಯಿತು. ಆಗ ಕಾಗದ, ಪೆನ್ಸಿಲ್, ಮರುದಿನದ ಪತ್ರಿಕೆ ಇವೇ ಸಾಧನಗಳು. ಅಂತರ್ಜಾಲ ಬಂದ ಮೇಲೆ ಲೆಕ್ಕ ಹಾಕುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಆಟ ಅಮೆರಿಕದ ಮನೆಮನೆಗೂ ಹಬ್ಬಿತು.

ಸಾಮಾನ್ಯವಾಗಿ ಹತ್ತು ಅಥವಾ ಹನ್ನೆರಡು ಮಂದಿ ಸೇರಿ ಒಂದು ಲೀಗ್ ಮಾಡಿಕೊಳ್ಳುತ್ತಾರೆ. ಋತು ಆರಂಭಕ್ಕೆ ಮುನ್ನ ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆಯ್ದುಕೊಳ್ಳುತ್ತಾರೆ. ಇದೇ ಡ್ರಾಫ್ಟ್. ಒಬ್ಬರು ಆಯ್ದ ಆಟಗಾರ ಇನ್ನೊಬ್ಬರಿಗೆ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ಆಯ್ಕೆಗೂ ಬೆಲೆ ಇದೆ. ಮೂರನೇ ಸುತ್ತಿನಲ್ಲಿ ಹಿರಿಯ ರಿಸೀವರ್ ಒಬ್ಬನನ್ನು ಆಯ್ದವನು ಆ ಸುತ್ತಿನಲ್ಲಿ ಸಿಗಬಹುದಾಗಿದ್ದ ತರುಣನನ್ನು ಕಳೆದುಕೊಳ್ಳುತ್ತಾನೆ.

ರಿಸೀವರ್ ಗಳಿಸುವ ಅಂಕದ ಲೆಕ್ಕ ಸರಳ. ಹತ್ತು ಗಜಕ್ಕೆ ಒಂದು ಅಂಕ. ಒಂದು ಟಚ್‌ಡೌನ್‌ಗೆ ಆರು ಅಂಕ. ಬಹಳಷ್ಟು ಲೀಗ್‌ಗಳಲ್ಲಿ ಹಿಡಿದ ಪ್ರತಿ ಚೆಂಡಿಗೂ ಒಂದು ಅಂಕ. ಕೆಲವೆಡೆ ಅರ್ಧ ಅಂಕ. ಈ ಲೇಖನದಲ್ಲಿ ಹಿಡಿತಕ್ಕೆ ಒಂದು ಅಂಕದ ಪದ್ಧತಿಯನ್ನೇ ಅನುಸರಿಸಲಾಗಿದೆ. ಚೆಂಡು ಕೈಬಿಟ್ಟು ಎದುರಾಳಿಯ ಪಾಲಾದಾಗ ಕಳೆಯುವ ಅಂಕಗಳನ್ನು ಪರಿಗಣಿಸಿಲ್ಲ.

ರ‍್ಯಾಂಡಿ ಮಾಸ್: ಎದ್ದು ನಿಂತ ದಾಖಲೆ

ಹೊಸ ತಂಡ ಸೇರಿದ ಹಿರಿಯ ರಿಸೀವರ್ ಎಂದೊಡನೆ ಅಮೆರಿಕದ ಅಭಿಮಾನಿಗಳ ನಾಲಿಗೆಗೆ ಮೊದಲು ಬರುವ ಹೆಸರು ರ‍್ಯಾಂಡಿ ಮಾಸ್ ಅವರದು. 2006ರಲ್ಲಿ ಅವರು ಓಕ್ಲಂಡ್ ರೈಡರ್ಸ್ ತಂಡದಲ್ಲಿದ್ದರು. ಆ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಮಾಸ್ ಹಿಡಿದದ್ದು 42 ಚೆಂಡು, ಗಳಿಸಿದ್ದು 553 ಗಜ, ಟಚ್‌ಡೌನ್ ಮೂರು. ಫ್ಯಾಂಟಸಿ ಲೆಕ್ಕದಲ್ಲಿ 115.3 ಅಂಕ. ಅವರ ಕಾಲ ಮುಗಿಯಿತು ಎಂದು ಅನೇಕರು ನಿರ್ಧರಿಸಿಬಿಟ್ಟಿದ್ದರು.

2007ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಕೇವಲ ಒಂದು ನಾಲ್ಕನೇ ಸುತ್ತಿನ ಆಯ್ಕೆಯನ್ನು ಕೊಟ್ಟು ಅವರನ್ನು ಪಡೆಯಿತು. ಆಗ ಅವರಿಗೆ ಮೂವತ್ತು ವರ್ಷ. ಋತುವಿಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ಗಾಯದ ಕಾರಣ ಅವರು ಆಡಲೇ ಇಲ್ಲ. ಅನುಮಾನ ಇನ್ನಷ್ಟು ಬೆಳೆಯಿತು. ಆದರೆ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ಜೆಟ್ಸ್ ವಿರುದ್ಧದ ಮೊದಲ ಪಂದ್ಯದಲ್ಲೇ ಒಂಬತ್ತು ಚೆಂಡು ಹಿಡಿದು 183 ಗಜ ಗಳಿಸಿದರು. ಋತು ಮುಗಿಯುವಾಗ 98 ಹಿಡಿತ, 1,493 ಗಜ, 23 ಟಚ್‌ಡೌನ್. ಒಂದೇ ಋತುವಿನಲ್ಲಿ 22 ಟಚ್‌ಡೌನ್ ಹಿಡಿದ ಜೆರ‍್ರಿ ರೈಸ್ ಅವರ 1987ರ ದಾಖಲೆ ಅಳಿಯಿತು. ಫ್ಯಾಂಟಸಿ ಅಂಕ 385.3. ಹಿಂದಿನ ವರ್ಷದ ಮೂರು ಪಟ್ಟಿಗೂ ಹೆಚ್ಚು.

ಒಂದೇ ವರ್ಷದಲ್ಲಿ ಮಾಸ್ ಅವರ ಕಾಲುಗಳಿಗೆ ಹೊಸ ಶಕ್ತಿ ಬಂದಿತ್ತೇ? ಇಲ್ಲ. ಬದಲಾದದ್ದು ಚೆಂಡು ಎಸೆಯುವ ಕೈ. ಓಕ್ಲಂಡ್‌ನಲ್ಲಿ ತಡವರಿಸುವ ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಇಲ್ಲಿ ಟಾಮ್ ಬ್ರೇಡಿ ಇದ್ದರು. ಆ ಋತುವಿನಲ್ಲಿ ಬ್ರೇಡಿ ಎಸೆದ ಟಚ್‌ಡೌನ್‌ಗಳೇ 50.

ಇದಕ್ಕೆ ಸಾಕ್ಷಿ ಮರುವರ್ಷವೇ ದೊರೆಯಿತು. 2008ರ ಮೊದಲ ಪಂದ್ಯದಲ್ಲೇ ಬ್ರೇಡಿ ಮೊಣಕಾಲಿನ ಗಾಯಕ್ಕೆ ಒಳಗಾಗಿ ಇಡೀ ಋತುವನ್ನು ಕಳೆದುಕೊಂಡರು. ಅವರ ಸ್ಥಾನಕ್ಕೆ ಮ್ಯಾಟ್ ಕ್ಯಾಸೆಲ್ ಬಂದರು. ಅದೇ ತಂಡ, ಅದೇ ತರಬೇತುದಾರ, ಅದೇ ಮಾಸ್. ಗಳಿಕೆ ಮಾತ್ರ 69 ಹಿಡಿತ, 1,008 ಗಜ, 11 ಟಚ್‌ಡೌನ್. ಅಂಕ 235.8ಕ್ಕೆ ಇಳಿಯಿತು. ಇದೂ ಕಳಪೆಯೇನಲ್ಲ. ಆದರೆ ಹಿಂದಿನ ವರ್ಷದ ಸಂಖ್ಯೆಗಳನ್ನು ನಂಬಿ ಮೊದಲ ಸುತ್ತಿನಲ್ಲೇ ಅವರನ್ನು ಆಯ್ದವರಿಗೆ ನಷ್ಟವಾಯಿತು.

ಜೂಲಿಯೊ ಜೋನ್ಸ್: ಕುಸಿದ ನಿರೀಕ್ಷೆ

ನಾಣ್ಯದ ಇನ್ನೊಂದು ಮುಖ ಜೂಲಿಯೊ ಜೋನ್ಸ್. ಅಟ್ಲಾಂಟ ಫಾಲ್ಕನ್ಸ್ ಪರ ಹತ್ತು ಋತು ಆಡಿದ ಜೋನ್ಸ್ 2015ರಲ್ಲಿ 136 ಚೆಂಡು ಹಿಡಿದು 1,871 ಗಜ ಗಳಿಸಿದವರು. 2019ರಲ್ಲಿಯೂ 99 ಹಿಡಿತ, 1,394 ಗಜ. 2020ರಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ತೊಂದರೆಯಿಂದ ಒಂಬತ್ತು ಪಂದ್ಯಗಳಿಗೆ ಸೀಮಿತರಾದರು. ಆಡಿದ ಒಂಬತ್ತರಲ್ಲಿ ಮಾತ್ರ ಪಂದ್ಯಕ್ಕೆ ಸರಾಸರಿ 16 ಅಂಕ ಗಳಿಸಿದ್ದರು. ಹೀಗಾಗಿ 2021ರ ಜೂನ್‌ನಲ್ಲಿ ಟೆನೆಸ್ಸೀ ಟೈಟನ್ಸ್ ತಂಡ ಅವರನ್ನು ಕರೆತಂದಾಗ ನಿರೀಕ್ಷೆ ಗಗನಕ್ಕೇರಿತು.

ಫಲಿತಾಂಶ? ಹತ್ತು ಪಂದ್ಯ, 31 ಹಿಡಿತ, 434 ಗಜ, ಒಂದೇ ಒಂದು ಟಚ್‌ಡೌನ್. ಒಟ್ಟು 80.4 ಅಂಕ, ಪಂದ್ಯಕ್ಕೆ ಎಂಟು.

ಕಾರಣಗಳು ಮೊದಲೇ ಕಣ್ಣೆದುರಿಗಿದ್ದವು. ಟೈಟನ್ಸ್ ಚೆಂಡು ಎಸೆಯುವುದಕ್ಕಿಂತ ಹಿಡಿದು ಓಡುವುದನ್ನೇ ನೆಚ್ಚಿದ ತಂಡ. ಅದರ ಓಟಗಾರ ಡೆರಿಕ್ ಹೆನ್ರಿ 2020ರಲ್ಲಿ ಎರಡು ಸಾವಿರ ಗಜದ ಗಡಿ ದಾಟಿದ್ದರು. ಎಸೆಯುವ ಅಲ್ಪಸ್ವಲ್ಪ ಚೆಂಡುಗಳಿಗೂ ಎ.ಜೆ. ಬ್ರೌನ್ ಎಂಬ ತರುಣ ಆಗಲೇ ಹಕ್ಕುದಾರನಾಗಿದ್ದ. ಟೈಟನ್ಸ್ ದಾಳಿಯ ತಂತ್ರ ರೂಪಿಸುತ್ತಿದ್ದ ಆರ್ಥರ್ ಸ್ಮಿತ್ ಅದೇ ವರ್ಷ ಅಟ್ಲಾಂಟದ ಮುಖ್ಯ ತರಬೇತುದಾರರಾಗಿ ಹೊರಟುಹೋಗಿದ್ದರು. ಇದರ ಮೇಲೆ ಮೂವತ್ತೆರಡರ ವಯಸ್ಸು, ವಾಸಿಯಾಗದ ಸ್ನಾಯು. ಬರಗಾಲದಲ್ಲಿ ಅಧಿಕಮಾಸ ಎಂಬಂತಾಯಿತು. ಹೊರಗಿನಿಂದ ನೋಡಿದವರಿಗೆ ಮಾತ್ರ ದೂರದ ಬೆಟ್ಟ ನುಣ್ಣಗೆ ಕಂಡಿತ್ತು.

ಮಾಸ್ ಮತ್ತು ಜೋನ್ಸ್ ಇಬ್ಬರೂ ಹಿಂದಿನ ವರ್ಷ ಮಂಕಾಗಿದ್ದವರು. ಇಬ್ಬರೂ ಮೂವತ್ತು ಮುಟ್ಟಿದವರು. ಇಬ್ಬರೂ ತಮ್ಮ ಕಾಲದ ಶ್ರೇಷ್ಠರು. ಆದರೂ ಒಬ್ಬರು ಇತಿಹಾಸ ಬರೆದರು, ಇನ್ನೊಬ್ಬರು ಬೆಂಚಿಗೆ ಸರಿದರು. ಹೆಸರಿನ ತೂಕ ಇಬ್ಬರದೂ ಒಂದೇ ಆಗಿದ್ದರಿಂದ ಹೆಸರು ಅಳತೆಗೋಲಲ್ಲ ಎಂಬುದು ಸ್ಪಷ್ಟ. ಹಾಗಾದರೆ ಅಳತೆಗೋಲು ಯಾವುದು?

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮೊದಲನೆಯದು, ಎಸೆಯುವವರು ಯಾರು? ರಿಸೀವರ್ ತಾನಾಗಿ ಅಂಕ ಗಳಿಸಲಾರ. ಎಸೆತ ಸರಿಯಾಗಿ ಬಂದರಷ್ಟೇ ಅವನ ಕೌಶಲಕ್ಕೆ ಅರ್ಥ. ಇದರಲ್ಲಿ ಹಳೆಯ ಪರಿಚಯಕ್ಕೂ ಬೆಲೆಯುಂಟು. ಡವಾಂಟೆ ಆಡಮ್ಸ್ 2022ರಲ್ಲಿ ಗ್ರೀನ್ ಬೇ ಬಿಟ್ಟು ಲಾಸ್ ವೇಗಸ್ ರೈಡರ್ಸ್ ಸೇರಿದಾಗ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್. ಕಾಲೇಜಿನಲ್ಲಿ ಅವರ ಜೊತೆಗಾರ. ಆ ವರ್ಷ ಆಡಮ್ಸ್ ಸರಿಯಾಗಿ 100 ಚೆಂಡು ಹಿಡಿದು 1,516 ಗಜ, 14 ಟಚ್‌ಡೌನ್ ಗಳಿಸಿದರು. 2024ರ ಅಕ್ಟೋಬರ್‌ನಲ್ಲಿ, ಋತುವಿನ ನಡುವೆಯೇ ಅವರು ನ್ಯೂಯಾರ್ಕ್ ಜೆಟ್ಸ್‌ಗೆ ಬಂದರು. ಅಲ್ಲಿದ್ದವರು ಗ್ರೀನ್ ಬೇಯ ಹಳೆಯ ಸಂಗಾತಿ ಆರನ್ ರಾಜರ್ಸ್. 11 ಪಂದ್ಯಗಳಲ್ಲಿ 67 ಹಿಡಿತ, 854 ಗಜ, ಏಳು ಟಚ್‌ಡೌನ್. ಜೆಟ್ಸ್ ಆ ಋತುವಿನಲ್ಲಿ ಐದು ಪಂದ್ಯ ಗೆದ್ದು ಹನ್ನೆರಡು ಸೋತಿತು. ಆದರೆ ಆಡಮ್ಸ್ ಅವರನ್ನು ಹೊಂದಿದ್ದ ಫ್ಯಾಂಟಸಿ ಆಟಗಾರರಿಗೆ ಪಂದ್ಯಕ್ಕೆ 17ಕ್ಕೂ ಹೆಚ್ಚು ಅಂಕ ದೊರೆಯಿತು. ತಂಡದ ಸೋಲು ರಿಸೀವರ್‌ನ ಸೋಲಾಗಬೇಕೆಂದಿಲ್ಲ. ಹಿಂದೆ ಬಿದ್ದ ತಂಡ ಅಂತರ ತುಂಬಲು ಹೆಚ್ಚು ಚೆಂಡು ಎಸೆಯಲೇಬೇಕಾಗುತ್ತದೆ ಎಂಬುದು ಇಲ್ಲಿನ ಸೂಕ್ಷ್ಮ.

ಎರಡನೆಯದು, ಎಲೆಯ ಮುಂದೆ ಎಷ್ಟು ಮಂದಿ ಕುಳಿತಿದ್ದಾರೆ? ಎಸೆತಗಳ ಸಂಖ್ಯೆಗೆ ಮಿತಿ ಇದೆ. ಒಂದು ತಂಡ ಒಂದು ಋತುವಿನಲ್ಲಿ ಸಾಮಾನ್ಯವಾಗಿ 500ರಿಂದ 600 ಬಾರಿ ಚೆಂಡು ಎಸೆಯುತ್ತದೆ. ಅದರಲ್ಲಿ ಎಷ್ಟು ಈತನ ಕಡೆಗೆ ಬರುತ್ತವೆ ಎಂಬುದೇ ನಿಜವಾದ ಲೆಕ್ಕ. ವೆಸ್ ವೆಲ್ಕರ್ 2012ರಲ್ಲಿ ಪೇಟ್ರಿಯಟ್ಸ್ ಪರ 118 ಚೆಂಡು ಹಿಡಿದಿದ್ದರು. 2013ರಲ್ಲಿ ಡೆನ್ವರ್ ಬ್ರಾಂಕೋಸ್ ಸೇರಿದರು. ಅಲ್ಲಿ ಪೇಟನ್ ಮ್ಯಾನಿಂಗ್ ಆ ವರ್ಷ 55 ಟಚ್‌ಡೌನ್ ಎಸೆದು ದಾಖಲೆ ಮಾಡಿದರು. ಇದಕ್ಕಿಂತ ಉತ್ತಮ ಕ್ವಾರ್ಟರ್‌ಬ್ಯಾಕ್ ಸಿಗುವುದುಂಟೇ? ಆದರೆ ಡೆಮರಿಯಸ್ ಥಾಮಸ್, ಎರಿಕ್ ಡೆಕರ್, ಜೂಲಿಯಸ್ ಥಾಮಸ್ ಮೂವರೂ ಪಂಕ್ತಿಯಲ್ಲಿದ್ದರು. ಮೂವರೂ ಹತ್ತಕ್ಕಿಂತ ಹೆಚ್ಚು ಟಚ್‌ಡೌನ್ ಹಿಡಿದರು. ವೆಲ್ಕರ್ 13 ಪಂದ್ಯಗಳಲ್ಲಿ 73 ಹಿಡಿತ, 778 ಗಜಕ್ಕೆ ತೃಪ್ತಿಪಟ್ಟರು. ಹತ್ತು ಟಚ್‌ಡೌನ್‌ಗಳು ಅವರ ಮಾನ ಕಾಪಾಡಿದವು. ಆದರೂ ಒಟ್ಟು ಅಂಕ 289ರಿಂದ 211ಕ್ಕೆ ಇಳಿಯಿತು.

ಇದಕ್ಕೆ ವಿರುದ್ಧ ನಿದರ್ಶನ ಆಂಕ್ವಾನ್ ಬೋಲ್ಡಿನ್. ಅದೇ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಸೇರಿದಾಗ ಅವರ ಬಗ್ಗೆ ಅಷ್ಟೇನೂ ಸದ್ದಿರಲಿಲ್ಲ. ಆದರೆ ತಂಡದ ಮುಖ್ಯ ರಿಸೀವರ್ ಮೈಕೆಲ್ ಕ್ರ್ಯಾಬ್‌ಟ್ರೀ ಗಾಯಗೊಂಡು ಹೊರಗಿದ್ದರು. ಖಾಲಿ ಎಲೆಗೆ ಬೋಲ್ಡಿನ್ ಕುಳಿತರು. ಮೊದಲ ಪಂದ್ಯದಲ್ಲೇ 13 ಹಿಡಿತ, 208 ಗಜ. ಋತುವಿನ ಕೊನೆಗೆ 85 ಹಿಡಿತ, 1,179 ಗಜ, ಏಳು ಟಚ್‌ಡೌನ್. ತಡವಾದ ಸುತ್ತಿನಲ್ಲಿ ಅವರನ್ನು ಆಯ್ದುಕೊಂಡವರೇ ನಿಜವಾದ ಲಾಭ ಪಡೆದವರು.

ಮೂರನೆಯದು, ದೇಹ ಏನು ಹೇಳುತ್ತಿದೆ? ರಿಸೀವರ್‌ಗಳ ಉತ್ತಮ ಋತುಗಳು ಬಹುಪಾಲು ಇಪ್ಪತ್ತರ ಮಧ್ಯ ಮತ್ತು ಕೊನೆಯ ವರ್ಷಗಳಲ್ಲೇ ಬರುತ್ತವೆ. ಮೂವತ್ತರ ನಂತರ ವೇಗ ಕುಗ್ಗುತ್ತದೆ. ಗಾಯ ಮಾಯಲು ಹೆಚ್ಚು ದಿನ ಬೇಕಾಗುತ್ತದೆ. ಅಪವಾದಗಳಿಲ್ಲವೆಂದಲ್ಲ. ಜೆರ‍್ರಿ ರೈಸ್ 2001ರಲ್ಲಿ ಓಕ್ಲಂಡ್ ಸೇರಿದಾಗ ಅವರಿಗೆ 38 ವರ್ಷ. ಮರು ಋತುವಿನಲ್ಲಿ, ನಲವತ್ತಕ್ಕೆ ಕಾಲಿಟ್ಟ ವರ್ಷ, 92 ಚೆಂಡು ಹಿಡಿದು 1,211 ಗಜ ಗಳಿಸಿದರು. ಆದರೆ ರೈಸ್ ಅವರಂಥವರು ತಲೆಮಾರಿಗೊಬ್ಬರು. ಅಪವಾದವನ್ನು ನಿಯಮವೆಂದು ಭಾವಿಸಿ ಆಯ್ಕೆ ಮಾಡುವುದು ಜಾಣತನವಲ್ಲ. ವಯಸ್ಸಿಗಿಂತಲೂ ಗಮನಿಸಬೇಕಾದದ್ದು ಗಾಯದ ಬಗೆ. ಮುರಿದ ಮೂಳೆ ಕೂಡಿಕೊಂಡರೆ ಮುಗಿಯಿತು. ಪದೇ ಪದೇ ಸೆಳೆಯುವ ತೊಡೆಯ ಸ್ನಾಯು ಹಾಗಲ್ಲ. ಓಟವನ್ನೇ ನಂಬಿದವನಿಗೆ ಅದು ವರ್ಷವಿಡೀ ಕಾಡಬಲ್ಲದು.

ನಾಲ್ಕನೆಯದು, ಅಂಕ ಎಲ್ಲಿಂದ ಬರುತ್ತಿದೆ? ಟಚ್‌ಡೌನ್‌ನಿಂದ ಬರುವ ಅಂಕ ಅಸ್ಥಿರ. ಹಿಡಿತದಿಂದ ಬರುವ ಅಂಕ ಸ್ಥಿರ. ಡಿಆಂಡ್ರೆ ಹಾಪ್ಕಿನ್ಸ್ 2023ರಲ್ಲಿ ಅರಿಜೋನಾ ಕಾರ್ಡಿನಲ್ಸ್‌ನಿಂದ ಹೊರಬಿದ್ದು ಟೈಟನ್ಸ್ ಸೇರಿದರು. 17 ಪಂದ್ಯಗಳಲ್ಲಿ 75 ಹಿಡಿತ, 1,057 ಗಜ, ಏಳು ಟಚ್‌ಡೌನ್. ಒಟ್ಟು 222.7 ಅಂಕ. ಕಾಗದದ ಮೇಲೆ ಸೊಗಸಾದ ಋತು. ಆದರೆ ಅದರಲ್ಲಿ 34.8 ಅಂಕ ಅಕ್ಟೋಬರ್ 29ರ ಒಂದೇ ಪಂದ್ಯದಲ್ಲಿ ಬಂದದ್ದು. ಹೊಸಬ ಕ್ವಾರ್ಟರ್‌ಬ್ಯಾಕ್ ವಿಲ್ ಲೆವಿಸ್ ಮೊದಲ ಬಾರಿ ಕಣಕ್ಕಿಳಿದ ದಿನ ಹಾಪ್ಕಿನ್ಸ್ ಹಿಡಿದದ್ದು ನಾಲ್ಕೇ ಚೆಂಡು, ಮೂರು ಟಚ್‌ಡೌನ್. ಅಂದರೆ ಇಡೀ ವರ್ಷದ ಗಳಿಕೆಯಲ್ಲಿ ಶೇ. 16ರಷ್ಟು ಒಂದೇ ದಿನದ್ದು. ಫ್ಯಾಂಟಸಿಯಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ವಾರದ ಲೆಕ್ಕದಲ್ಲಿ, ವರ್ಷದ ಒಟ್ಟು ಮೊತ್ತದಲ್ಲಿ ಅಲ್ಲ. ಆ ವಾರ ಹಾಪ್ಕಿನ್ಸ್ ಅವರನ್ನು ಬೆಂಚಿನಲ್ಲಿ ಕೂರಿಸಿದವರಿಗೆ ಆ 34.8 ಅಂಕದಿಂದ ಯಾವ ಪ್ರಯೋಜನವೂ ಇಲ್ಲ.

ಅದೇ ಹಾಪ್ಕಿನ್ಸ್ 2024ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಸೇರಿದರು. ಈ ಬಾರಿ ಚೆಂಡು ಎಸೆಯುವವರು ಪ್ಯಾಟ್ರಿಕ್ ಮಹೋಮ್ಸ್. ಆದರೂ ಹತ್ತು ಪಂದ್ಯಗಳಲ್ಲಿ ಬಂದದ್ದು 41 ಹಿಡಿತ, 437 ಗಜ, ನಾಲ್ಕು ಟಚ್‌ಡೌನ್. ಪಂದ್ಯಕ್ಕೆ ಸುಮಾರು 11 ಅಂಕ. ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿತೆಂದು ಉಳಿದ ಮೂರನ್ನು ಬಿಡಲಾಗದು ಎಂಬುದಕ್ಕೆ ಇದು ಉದಾಹರಣೆ. ನಾಲ್ಕೂ ಪ್ರಶ್ನೆಗಳು ಒಂದೇ ದಿಕ್ಕಿಗೆ ಎಳೆದರೆ ಗಾಡಿ ಓಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಅಲ್ಲಿಯೇ ನಿಲ್ಲುತ್ತದೆ.

ಎರಡನೇ ವರ್ಷದ ಬಲೆ

ಮೊದಲ ವರ್ಷದ ಯಶಸ್ಸು ಎರಡನೇ ವರ್ಷಕ್ಕೆ ಖಾತರಿಯಲ್ಲ. ಬ್ರ್ಯಾಂಡನ್ ಮಾರ್ಷಲ್ 2014ರಲ್ಲಿ ಶಿಕಾಗೊ ಬೇರ್ಸ್ ಪರ 13 ಪಂದ್ಯಗಳಲ್ಲಿ 721 ಗಜ ಗಳಿಸಿದ್ದರು. 2015ರಲ್ಲಿ ಜೆಟ್ಸ್ ಸೇರಿದಾಗ ವಯಸ್ಸು 31. ಆ ವರ್ಷ ಅವರ ಗಳಿಕೆ 109 ಹಿಡಿತ, 1,502 ಗಜ, 14 ಟಚ್‌ಡೌನ್, 343.2 ಅಂಕ. ಕ್ವಾರ್ಟರ್‌ಬ್ಯಾಕ್ ರಯಾನ್ ಫಿಟ್ಸ್‌ಪ್ಯಾಟ್ರಿಕ್ ತಮ್ಮ ವೃತ್ತಿಜೀವನದಲ್ಲೇ ಅತಿ ಹೆಚ್ಚು, 31 ಟಚ್‌ಡೌನ್ ಎಸೆದ ವರ್ಷವದು. 2016ರಲ್ಲಿ ಫಿಟ್ಸ್‌ಪ್ಯಾಟ್ರಿಕ್ ಮುಗ್ಗರಿಸಿದರು. ಮಾರ್ಷಲ್ 59 ಹಿಡಿತ, 788 ಗಜ, ಮೂರು ಟಚ್‌ಡೌನ್‌ಗೆ ಕುಸಿದರು, 155.8 ಅಂಕ. ಅರ್ಧಕ್ಕಿಂತಲೂ ಕಡಿಮೆ.

2015ರಲ್ಲಿ ಮಾರ್ಷಲ್ ಅಗ್ಗವಾಗಿ ದೊರೆತಿದ್ದರು; 2016ರಲ್ಲಿ ಅವರಿಗಾಗಿ ಹೆಚ್ಚಿನ ಬೆಲೆ ತೆರಬೇಕಾಯಿತು. ಲಾಭ ಸಿಕ್ಕಿದ್ದು ಅನುಮಾನವಿದ್ದ ವರ್ಷದಲ್ಲಿ, ನಷ್ಟವಾದದ್ದು ನಂಬಿಕೆ ಹುಟ್ಟಿದ ವರ್ಷದಲ್ಲಿ. ಹಿರಿಯ ರಿಸೀವರ್‌ಗಳ ಕಥೆಯಲ್ಲಿ ಮತ್ತೆ ಮತ್ತೆ ಕಾಣುವ ವಿಪರ್ಯಾಸವಿದು.

ಹಾಗಾದರೆ ಮಾಡಬೇಕಾದದ್ದೇನು?

ಅನುಭವಿ ಆಟಗಾರರು ಅನುಸರಿಸುವ ಕ್ರಮ ಹೀಗಿದೆ. ಹೊಸ ತಂಡ ಸೇರಿದ ಹಿರಿಯನನ್ನು ತಂಡದ ಆಧಾರಸ್ತಂಭವೆಂದು ಮೊದಲ ಎರಡು ಸುತ್ತಿನಲ್ಲಿ ಆಯ್ದುಕೊಳ್ಳುವುದಿಲ್ಲ. ನಡುವಿನ ಸುತ್ತುಗಳವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಬೇರೆಯವರು ಕೊಂಡೊಯ್ದರೆ ಬೇಸರಪಡುವುದಿಲ್ಲ. ಹಿಂದಿನ ಮೂರು ವರ್ಷದ ಒಟ್ಟು ಅಂಕಕ್ಕಿಂತ, ಆಡಿದ ಪಂದ್ಯಗಳಲ್ಲಿ ಎಷ್ಟು ಚೆಂಡು ಅವನತ್ತ ಎಸೆಯಲ್ಪಟ್ಟವು ಎಂಬುದನ್ನು ನೋಡುತ್ತಾರೆ. ಹೊಸ ತಂಡದಿಂದ ಯಾರು ಹೊರಹೋಗಿದ್ದಾರೆ, ಅವರ ಪಾಲಿನ ಎಸೆತಗಳು ಎಷ್ಟು ಖಾಲಿ ಉಳಿದಿವೆ ಎಂದು ಲೆಕ್ಕ ಹಾಕುತ್ತಾರೆ. ಹಿಡಿತಕ್ಕೆ ಅಂಕವಿರುವ ಲೀಗ್‌ನಲ್ಲಿ, ಸಮೀಪದ ಎಸೆತಗಳನ್ನು ನಂಬಿಕೆಯಿಂದ ಹಿಡಿಯುವ ಹಿರಿಯನಿಗೆ ಒಂದು ಮೆಟ್ಟಿಲು ಹೆಚ್ಚು ಬೆಲೆ ಕೊಡುತ್ತಾರೆ. ಮೊದಲ ಮೂರು ನಾಲ್ಕು ವಾರ ಮಿಂಚಿದರೆ, ಬೆಲೆ ಏರಿದಾಗಲೇ ವಿನಿಮಯ ಮಾಡಿಕೊಳ್ಳುವವರೂ ಉಂಟು. ಫ್ಯಾಂಟಸಿ ಪ್ಲೇಆಫ್ ನಡೆಯುವುದು ಡಿಸೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಓಡಿದ ಕಾಲು ಆಗಲೂ ಓಡಬೇಕಲ್ಲವೇ?

ಕನ್ನಡಿಗರಿಗೇಕೆ ಈ ಮಾತು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ತಂತ್ರಜ್ಞರಿಗೆ ಕಚೇರಿಯ ಫ್ಯಾಂಟಸಿ ಲೀಗ್ ಅಪರಿಚಿತವಲ್ಲ. ಸಹೋದ್ಯೋಗಿಗಳೊಡನೆ ಬೆರೆಯಲು ಅದೂ ಒಂದು ದಾರಿ. ಕರ್ನಾಟಕದಲ್ಲಿ ಇದೇ ಮಾದರಿಯ ಕ್ರಿಕೆಟ್ ಆಟ ಜನಪ್ರಿಯವಾಗಿ, ವಿವಾದವನ್ನೂ ಎಬ್ಬಿಸಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಡ್ರೀಮ್ ಇಲೆವೆನ್ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಅಮೆರಿಕದಲ್ಲಿ 2006ರ ಕಾನೂನು ನಿರ್ದಿಷ್ಟ ಷರತ್ತುಗಳೊಡನೆ ಫ್ಯಾಂಟಸಿ ಕ್ರೀಡೆಗೆ ವಿನಾಯಿತಿ ನೀಡಿತಾದರೂ ಅಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಹಣವಿರಲಿ ಬಿಡಲಿ, ಈ ಆಟ ಕಲಿಸುವ ಪಾಠ ಒಂದೇ. ನಿನ್ನೆಯ ಕೀರ್ತಿಗೆ ಇಂದಿನ ಬೆಲೆ ಕಟ್ಟುವಾಗ ಮನುಷ್ಯನನ್ನಷ್ಟೇ ನೋಡಿದರೆ ಸಾಲದು, ಅವನು ನಿಂತ ನೆಲವನ್ನೂ ನೋಡಬೇಕು. ಓಕ್ಲಂಡ್‌ನಲ್ಲಿ ಮುಗಿದುಹೋದವರೆಂದು ಕರೆಸಿಕೊಂಡ ಮಾಸ್ ಮುಗಿದಿರಲಿಲ್ಲ. ಟೆನೆಸ್ಸೀಗೆ ಬಂದ ಜೋನ್ಸ್ ಪ್ರತಿಭೆಯನ್ನು ಅಟ್ಲಾಂಟದಲ್ಲಿ ಬಿಟ್ಟು ಬಂದಿರಲಿಲ್ಲ; ಅದು ಬೆಳಗಲು ಬೇಕಾದ ಎಸೆತಗಳೂ ಮೈಕಸುವೂ ಅವರಿಗೆ ಅಲ್ಲಿ ದೊರೆಯಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಇನ್ನೊಬ್ಬ ಹಿರಿಯ ರಿಸೀವರ್ ಹೊಸ ಸಮವಸ್ತ್ರ ತೊಟ್ಟು ಛಾಯಾಚಿತ್ರಕ್ಕೆ ನಿಂತಾಗ ಮೊದಲು ನೋಡಬೇಕಾದದ್ದು ಅವನ ಹಿಂದಿನ ದಾಖಲೆಯನ್ನಲ್ಲ, ಅವನತ್ತ ಚೆಂಡು ಎಸೆಯಲಿರುವವನನ್ನು.